ಪಡಸಾಲೆಯೊಳಗೆ ನಾಲ್ಕು ಟೇಶನ್

ನಾನು ಯಲಬುರ್ಗಾಕ್ಕೆ ಸೊಸೆಯಾಗಿ ಬಂದಾಗ ನಮ್ಮ ಮನೆ ಎರಡೂವರೆ ಅಂಕಣದ್ದು. ಎರಡು ಕಂಬಗಳ ನಡುವಿನ ಜಾಗಕ್ಕೆ ನಮ್ಮ ಕಡೆ ಒಂದು ಅಂಕಣ ಅನ್ನುತ್ತೇವೆ. ಬಾಗಿಲ ಕಡೆಯ ಅಂಕಣದಲ್ಲಿ ನಮ್ಮ ಯಜಮಾನರ ಪತ್ತಾರಿಕೆ. ಅಲ್ಲಿ ಅಗ್ಗಿಷ್ಟಿಗೆ, ಊದುಗೊಳವೆ, ಮೂಗುತಿ ಬೆಂಡೋಲೆ ಮಾಡುವ ಸಣ್ಣ ಸಣ್ಣ ಸುತ್ತಿಗೆಗಳು. ಎರಡನೆಯದರಲ್ಲಿ ಕೂಡುವುದು, ಮಲಗುವುದು, ಬೀಸುವುದು, ಬಂದವರನ್ನು ಮಾತಾಡಿಸುವುದು, ಎಲ್ಲವೂ. ಉಳಿದ ಅರ್ಧದಲ್ಲಿ ಒಲೆ, ಅದರ ಮೂಲೆಗೆ ಬಚ್ಚಲು. ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ನಮ್ಮ ಅತ್ತೆ ಕೂಡುತ್ತಿದ್ದರು. ಬೆಳಿಗ್ಗೆ ಕೂತರೆಂದರೆ ಊಟಕ್ಕೂ ಏಳುತ್ತಿರಲಿಲ್ಲ, ತಾಟೇ ಅವರ ಹತ್ತಿರ ಹೋಗಬೇಕು. ಆ ಕಂಬಕ್ಕೂ ಅವರಿಗೂ ಬೇರೆ ಬೇರೆ ಲೆಕ್ಕ ಹಿಡಿಯುವ ಅಗತ್ಯ ಯಾರಿಗೂ ಬಂದಿರಲಿಲ್ಲ.

ನನ್ನ ತವರು ಕೊಪ್ಪಳ. ಟೇಶನ್ನಿನ ಹಿಂದಿನ ಓಣಿ. ಹುಟ್ಟಿದಾಗಿನಿಂದ ರೈಲಿನ ಸದ್ದು ಕೇಳಿದವಳು ನಾನು. ರೈಲು ಅಂದರೆ ನನಗೆ ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿ ಬೀಳುವುದಕ್ಕೆ ಇರುವ ಒಂದು ಕಾರಣ, ಅಷ್ಟೆ. ನಮ್ಮ ಯಜಮಾನರು ಮಾತ್ರ ರೈಲನ್ನು ಹತ್ತಿರದಿಂದ ಕಂಡದ್ದು ಮದುವೆಯಾದ ಮೇಲೆ. ಮೊದಲ ಹಬ್ಬಕ್ಕೆ ಅಳಿಯನೆಂದು ಬಂದವರು ಊಟದ ಹೊತ್ತಿಗೆ ಕಾಣಲಿಲ್ಲ. ಹೋಳಿಗೆ ಆರುತ್ತಿತ್ತು. ಅಪ್ಪ ಓಣಿಯೆಲ್ಲ ಹುಡುಕಿದರು. ಕಡೆಗೆ ಟೇಶನ್ನಿನ ಹಮಾಲನೊಬ್ಬ ಬಂದು, "ನಿಮ್ಮ ಅಳಿಯಂದಿರು ಮಾಲಗಾಡಿ ಕೆಳಗ ಅದಾರ್ರಿ, ಹೊರಗ ಬರ್ರಿ ಅಂದ್ರ ಇನ್ನೊಂದು ಕೊಂಡಿ ನೋಡೋದೈತಿ ಅಂತಾರ" ಎಂದ. ಆ ಹಬ್ಬದಲ್ಲಿ ನನ್ನ ಗಂಡ ನನ್ನೊಂದಿಗೆ ಆಡಿದ ಮೊದಲ ದೊಡ್ಡ ಮಾತು ಒಂದು ಡಬ್ಬಿಗೆ ಇನ್ನೊಂದು ಡಬ್ಬಿ ಹೇಗೆ ಗಂಟು ಬೀಳುತ್ತದೆ ಎಂಬುದು. ಹೊಸ ಹೆಂಡತಿ ನಾನು, ಅದರಲ್ಲಿ ಏನಾದರೂ ಒಳ ಅರ್ಥ ಇರಬಹುದೆಂದು ಎರಡು ದಿನ ಯೋಚಿಸಿದೆ. ಇರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಒಡವೆ ಮಾಡಿಸುವವರು ಕಡಿಮೆಯಾದರು. ಕೈಗೆ ಕೆಲಸ ಇಲ್ಲದಾಗ ಕೆಲವು ಗಂಡಸರು ಕಟ್ಟೆಗೆ ಹೋಗಿ ಕೂಡುತ್ತಾರೆ, ಕೆಲವರು ಮನೆಯಲ್ಲಿದ್ದು ಏನಾದರೂ ಬಿಚ್ಚುತ್ತಾರೆ. ನಮ್ಮವರು ಬಿಚ್ಚುವವರ ಪೈಕಿ. ಸಣ್ಣ ಆಯುಧ ಹಿಡಿಯುವ ಕೈ ಎಂದು ಕಚೇರಿಯ ಮಂದಿ ಕೆಟ್ಟ ಗಡಿಯಾರಗಳನ್ನೂ ಅವರ ಹತ್ತಿರವೇ ತರುತ್ತಿದ್ದರು. ಹಾಗೆ ಬಂದು, ಇನ್ನು ಸುಧಾರಿಸುವುದಿಲ್ಲ ಎಂದು ಬಿಟ್ಟುಹೋದ ಒಂದು ಮೇಜುಗಡಿಯಾರದ ಸ್ಪ್ರಿಂಗು ಇವರ ತಲೆ ಹೊಕ್ಕಿತು. ತಿಂಗಳೊಪ್ಪತ್ತು ಕಳೆಯುವುದರಲ್ಲಿ ಅದು ತಗಡಿನ ಎಂಜಿನ್ನಿನ ಹೊಟ್ಟೆಯೊಳಗಿತ್ತು. ಅಂಗೈಯುದ್ದದ ಎಂಜಿನ್ನು. ಹಿತ್ತಾಳೆಯ ಹೊಗೆ ಕೊಳವೆ, ಆರು ಗಾಲಿ, ಬದಿಗೆ ಚಾವಿ. ಚಾವಿ ಕೊಟ್ಟು ಬಿಟ್ಟರೆ ಕೊರ್‌ ಎಂದು ಓಡುತ್ತಿತ್ತು. ನನ್ನ ಮೂಗುತಿಗೆ ಹಾಕಿದ್ದಕ್ಕಿಂತ ನಾಜೂಕಾದ ಬೆಸುಗೆ ಅದಕ್ಕೆ ಬಿದ್ದದ್ದನ್ನು ನಾನು ಗಮನಿಸಿದೆ.

ಎದುರು ಮನೆಯಲ್ಲಿ ತಗಡಿನ ಕೆಲಸದ ಭಾಯಿ ಇದ್ದರು. ಚಿಮಣಿ, ಕಂದೀಲು, ಪೆಟ್ಟಿಗೆ ಮಾಡುವವರು. ನಮ್ಮವರಿಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ತಂಗಿ ಅನ್ನುತ್ತಿದ್ದರು. ಹಳಿಗೆ ಬೇಕಾದ ತಗಡು ಅವರದು. ಚಿಮಣಿ ಎಣ್ಣೆಯ ಹಳೇ ಡಬ್ಬಿ ಕತ್ತರಿಸಿ, ಪಟ್ಟಿ ಮಾಡಿ, ಎರಡು ಬೆರಳು ಅಂತರದಲ್ಲಿ ಜಾಲಿ ಕಟ್ಟಿಗೆಯ ತುಂಡುಗಳ ಮೇಲೆ ಕೂಡಿಸಿದರು. ಮೊದಲ ಹಳಿ ಹೊಸ್ತಿಲಿನಿಂದ ಒಳಗಿನ ಗೋಡೆಯ ತನಕ ನೆಟ್ಟಗೆ ಹೋಯಿತು. ಎಂಜಿನ್ನು ಓಡಿತು, ಗೋಡೆಗೆ ಹಾಯ್ದು ಬಿತ್ತು.

"ಉಸ್ತಾದ್, ಹೋಗೋದೇನೋ ಹೋತು. ವಾಪಸ್ ಹೆಂಗ ಬರತೈತಿ?" ಎಂದರು ಭಾಯಿ.

ನಮ್ಮ ಮನೆಯ ಕಷ್ಟ ಶುರುವಾದದ್ದು ಆ ಪ್ರಶ್ನೆಯಿಂದ. ರೈಲು ವಾಪಸ್ಸು ಬರಬೇಕಾದರೆ ಹಳಿ ದುಂಡಗಿರಬೇಕು. ಬಹಳ ಸಣ್ಣ ದುಂಡಾದರೆ ಎಂಜಿನ್ನು ಹೊರಳಿ ಬೀಳುತ್ತದೆ. ಅದಕ್ಕೆ ಬೇಕಾದಷ್ಟು ದೊಡ್ಡ ದುಂಡು ನಮ್ಮ ಅಂಕಣದಲ್ಲಿ ಹಿಡಿಸುವುದಿಲ್ಲ. ಇವರು ಒಂದು ದಾರ ಹಿಡಿದು ಮನೆಯನ್ನೆಲ್ಲ ಅಳೆದರು. ಬೀಸುಕಲ್ಲನ್ನು ಅಳೆದರು, ಹಾಸಿಗೆಯ ಸುತ್ತು ಇಡುವ ಮೂಲೆಯನ್ನು ಅಳೆದರು, ಕೂತಲ್ಲಿಯೇ ಅತ್ತೆಯನ್ನು ಅಳೆದರು.

"ಅವ್ವಾ, ಒಂದು ಗೇಣು ಆಚೆ ಸರೀತೀಯೇನು?"

"ನಿಮ್ಮಪ್ಪ ಇದ್ದಾಗೂ ನಾ ಇಲ್ಲೇ ಕುಂತೀನಿ" ಎಂದರು ಅತ್ತೆ.

ಹಾಗಾಗಿ ಹಳಿಯೇ ಸರಿಯಿತು. ಅತ್ತೆಯ ಮುಂದೆ ಹಾಯ್ದು, ಬೀಸುಕಲ್ಲನ್ನು ಸುತ್ತಿ, ಅಡುಗೆಮನೆಯ ಗೋಡೆಗೆ ಮುಟ್ಟಿ ನಿಂತಿತು. ಮರುದಿನ ನಾನು ಬಾವಿಯಿಂದ ಬರುವಷ್ಟರಲ್ಲಿ ಗೋಡೆಯ ಬುಡದಲ್ಲಿ ಒಂದು ತೂತು. ಮಣ್ಣಿನ ಗೋಡೆ, ಕೊರೆಯುವುದು ಸುಲಭ. ಒಳಗಿನಿಂದ ನೋಡಿದರೆ ನನ್ನ ಒಲೆಯ ಪಕ್ಕದಲ್ಲಿ ಇವರ ಮುಖ ನೆಲಕ್ಕೆ ಹತ್ತಿಕೊಂಡು ನನ್ನ ಕಡೆ ನೋಡುತ್ತಿತ್ತು.

"ಏನ್ರಿ ಇದು?"

"ಸುರಂಗ" ಎಂದರು, ನಾನು ಕೇಳಿದ್ದು ಹೆಸರನ್ನು ಎಂಬಂತೆ.

ಇನ್ನೊಂದು ತೂತು ಬಚ್ಚಲ ಕಡೆ ಬಿತ್ತು, ರೈಲು ಅಲ್ಲಿಂದ ಹೊರಬಿದ್ದು ಮತ್ತೆ ಪಡಸಾಲೆಗೆ ಬರಲಿಕ್ಕೆ. ಹೀಗೆ ದುಂಡು ಪೂರ್ತಿಯಾಯಿತು. ಎಂಜಿನ್ನಿನ ಹಿಂದೆ ಮುಚ್ಚಳವಿರುವ ಮೂರು ತಗಡಿನ ಡಬ್ಬಿ ಗಂಟು ಹಾಕಿದರು. ನಾಲ್ಕು ಟೇಶನ್ನು ಇಟ್ಟರು. ಬಾಗಿಲ ಹತ್ತಿರ ಯಲಬುರ್ಗಾ. ನನ್ನ ಒಲೆಯ ಮುಂದೆ ಕುಷ್ಟಗಿ. ಬಚ್ಚಲ ಹತ್ತಿರ ಗಂಗಾವತಿ, ಆ ಕಡೆ ನೀರು ಜಾಸ್ತಿ ಎಂದು. ಕಂಬದ ಬುಡದಲ್ಲಿ, ಅತ್ತೆಯ ಮೊಣಕಾಲ ಪಕ್ಕಕ್ಕೆ, ಕೊಪ್ಪಳ. ಕೊಪ್ಪಳ ಬಿಟ್ಟರೆ ಉಳಿದ ಮೂರು ಊರಿಗೂ ರೈಲು ಇರಲಿಲ್ಲ. ಅಲ್ಲಿನವರು ರೈಲು ಹತ್ತಬೇಕಾದರೆ ಚಕ್ಕಡಿಯಲ್ಲೋ ಕಾಲ್ನಡಿಗೆಯಲ್ಲೋ ಮೊದಲು ಕೊಪ್ಪಳ ಸೇರಬೇಕು. ಆ ಕೊರತೆಯನ್ನು ನಮ್ಮವರು ಮನೆಯೊಳಗೇ ನೀಗಿಸಿದ್ದರು. ತಗಡಿನ ಹಲಗೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಊರ ಹೆಸರು ಬರೆದು ನಿಲ್ಲಿಸಿದರು. ಸರಕಾರದ ಭಾಷೆ ಉರ್ದು ಇದ್ದ ಕಾಲ, ಅವರು ಓದಿದ್ದು ಉರ್ದು ಶಾಲೆಯಲ್ಲಿ, ಅಕ್ಷರ ದುಂಡಗೆ ಚೆಂದ ಇದ್ದವು. ಮುಂದಿನ ಅನಾಹುತಕ್ಕೆ ಆ ಚೆಂದದ ಅಕ್ಷರವೂ ಒಂದು ಕಾರಣ.

ಮೊದಮೊದಲು ಅತ್ತೆ ಬೈದರು. ಅಡುಗೆಮನೆಗೆ ಭಾಯಿಯ ಕೈ ಮುಟ್ಟಿದ ಸಾಮಾನು ಬರುವುದೇ ಅವರಿಗೆ ಸರಿಬರಲಿಲ್ಲ. ನಮ್ಮದು ಜನಿವಾರ ಹಾಕುವ ಮನೆ, ಮಡಿ ಮೈಲಿಗೆ ಎಲ್ಲ ಇತ್ತು. ಎರಡು ದಿನ ಎಂಜಿನ್ನಿಗೆ ನೀರು ಚಿಮುಕಿಸಿದ ಮೇಲೆಯೇ ಸುರಂಗ ದಾಟಿಸಬೇಕಾಯಿತು. ಗಾಲಿಗೆ ತುಕ್ಕು ಬರುತ್ತದೆಂದು ಇವರು ಒದ್ದಾಡಿದರು. ಮೂರನೆಯ ದಿನ ನಾನು ಒಲೆಯ ಮುಂದೆ ಕೂತು, ಎಲೆ ಅಡಿಕೆ ಸುಣ್ಣ ಕೂಡಿಸಿ, ರೈಲಿನ ಹಿಂದಿನ ಡಬ್ಬಿಯೊಳಗಿಟ್ಟು ಬಿಟ್ಟೆ. ರೈಲು ಗಂಗಾವತಿ ಬಳಸಿಕೊಂಡು ಹೋಗಿ ಅತ್ತೆಯ ಮೊಣಕಾಲ ಹತ್ತಿರ ನಿಂತಿತು. ಅವರು ಡಬ್ಬಿಯ ಮುಚ್ಚಳ ತೆಗೆದು, ಎಲೆ ಬಾಯಿಗಿಟ್ಟುಕೊಂಡು, ಬಹಳ ಹೊತ್ತು ಅಗಿದರು.

"ಬೆಂಕ್ಯಾಗ ಬೆಂದು ಬಂದ ತಗಡಿಗೆ ಮೈಲಿಗಿ ಇಲ್ಲ ಬಿಡು" ಎಂದರು.

ಅಂದಿನಿಂದ ದಿನಕ್ಕೆ ಆರೇಳು ಸಲ ಅವರಿಗೆ ಎಲೆ ಅಡಿಕೆಯ ಮಾಲಗಾಡಿ ಹೋಗಬೇಕಾಯಿತು. ತಡವಾದರೆ, "ಕುಷ್ಟಗಿ ಕಡೆ ಏನ ಆಗೈತಿ?" ಎಂದು ಕೂತಲ್ಲಿಂದ ಕೇಳುತ್ತಿದ್ದರು. ಕುಷ್ಟಗಿ ಅಂದರೆ ನಾನು.

ನನ್ನ ಪಾಡು ಬೇರೆ. ರೊಟ್ಟಿ ಬಡಿಯಲು ಕೂತರೆ ಕಾಲು ಚಾಚುವಂತಿಲ್ಲ, ಹಳಿ ಇದೆ. ಕಸ ಹೊಡೆದರೆ ಕಟ್ಟಿಗೆ ತುಂಡು ಕದಲುತ್ತವೆ. ನೆಲ ಸಾರಿಸುವುದಂತೂ ನಿಂತೇ ಹೋಯಿತು. ಹಾಸಿಗೆ ಹಾಸಿದರೆ ನಾವಿಬ್ಬರೂ ದುಂಡಿನ ಒಳಗೆ ಮುದುರಿಕೊಂಡು ಮಲಗಬೇಕು, ಅತ್ತೆ ಹೊರಗೆ. ತವರಿನಿಂದ ಬಂದ ನನ್ನ ತಂಗಿ ಒಂದು ದಿನ ಇದ್ದು, "ಅಕ್ಕಾ, ಟೇಶನ್ನಿನಾಗ ಮಲಗಿದಂಗ ಆತು" ಎಂದು ಹೊರಟುಹೋದಳು. ಟೇಶನ್ನಿನ ಹಿಂದೆ ಹುಟ್ಟಿದವಳು ಆಡಿದ ಮಾತದು.

ಇಷ್ಟಕ್ಕೇ ಮುಗಿದಿದ್ದರೆ ಇದು ನಮ್ಮ ಮನೆಯ ಮಾತಾಗಿ ಉಳಿಯುತ್ತಿತ್ತು. ಒಂದು ದಿನ ಗಿರ್ದಾವರ ಸಾಹೇಬರು ಗಡಿಯಾರ ಕೊಡಲು ಬಂದರು. ಕಂದಾಯದ ಕೆಲಸಕ್ಕೆ ಹಳ್ಳಿ ಹಳ್ಳಿ ತಿರುಗುವವರು. ಹೊಲ ಅಳೆಯುವುದು, ನಕ್ಷೆ ನೋಡುವುದು ಅವರ ದಿನದ ಕೆಲಸ. ಹೊಸ್ತಿಲಲ್ಲಿ ನಿಂತು ನೆಲದ ಕಡೆ ನೋಡಿದರು. ಯಲಬುರ್ಗಾ ಓದಿದರು, ಕತ್ತು ಉದ್ದ ಮಾಡಿ ಕೊಪ್ಪಳ ಓದಿದರು. ಗೋಡೆಯ ತೂತು ನೋಡಿದರು. ಧ್ವನಿ ತಗ್ಗಿಸಿ ಕೇಳಿದರು.

"ಕೆಲಸ ಯಾವಾಗಿಂದ ಶುರು?"

"ಎರಡು ತಿಂಗಳಾತ್ರಿ" ಎಂದರು ಇವರು.

"ಮೇಲಿನವರಿಗೆ ಗೊತ್ತೈತಿ?"

ಮೇಲಿನವರು ಅಂದರೆ ದೇವರು ಎಂದುಕೊಂಡ ಇವರು, "ಅವರ ದಯಾದಿಂದನ ನಡದೈತ್ರಿ" ಎಂದರು. ಗಿರ್ದಾವರರು ಗಡಿಯಾರ ಕೊಡುವುದನ್ನು ಮರೆತು ಹೋದರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಕೊಪ್ಪಳದಿಂದ ಯಲಬುರ್ಗಾ ಮೇಲೆ ಕುಷ್ಟಗಿಗೆ ರೈಲು ಬರುತ್ತದೆ, ನಕ್ಷೆ ಪತ್ತಾರರ ಮನೆಯಲ್ಲಿ ತಯಾರಾಗುತ್ತಿದೆ, ಯುದ್ಧದ ಕಾಲವೆಂದು ಗುಟ್ಟಾಗಿ ಇಟ್ಟಿದ್ದಾರೆ. ಸರಕಾರ ನಕ್ಷೆಯನ್ನು ಬಂಗಾರದ ಕೆಲಸದವನಿಗೆ ಯಾಕೆ ಕೊಟ್ಟಿತು ಎಂದು ಹೆಚ್ಚಿನವರು ಕೇಳಲಿಲ್ಲ. ಕೇಳಿದವನೊಬ್ಬನಿಗೆ, "ಅದಕ್ಕ ಅದು ಗುಟ್ಟು" ಎಂದು ಉತ್ತರ ಬಂತಂತೆ.

ಮೊದಲು ಬಂದವರು ಹತ್ತಿ ಸಾವಕಾರರು. ಊರ ಪಡುವಲಿಗೆ ಅವರದೊಂದು ದೊಡ್ಡ ಹೊಲ. ಟೇಶನ್ನು ಅಲ್ಲಿ ಬಂದರೆ ಹತ್ತಿ ಅಂಡಿಗೆ ಸೀದಾ ಡಬ್ಬಿಗೆ ಏರುತ್ತವೆ. ನಮ್ಮ ಮನೆಗೆ ಅವರು ಕಾಲಿಟ್ಟದ್ದೇ ಅದು ಮೊದಲು. ಒಂದು ಕುಂಬಳಕಾಯಿ ತಂದಿದ್ದರು, ಎತ್ತಲು ಇಬ್ಬರು ಬೇಕಾಗುವಂಥದ್ದು. ನೆಲದಲ್ಲಿ ಕೂತು ಹಳಿಯನ್ನು ಬೆರಳಿನಿಂದ ಹಿಂಬಾಲಿಸಿದರು.

"ಇಲ್ಲಿ ಯಾಕ ಡೊಂಕ ಆತು? ಸೀದಾ ಬರಬಹುದಿತ್ತಲ್ಲ."

"ಕಲ್ಲು ಅಡ್ಡ ಐತ್ರಿ."

ಸಾವಕಾರರು ಬೀಸುಕಲ್ಲನ್ನು ನೋಡಿದರು. ಆ ದಿಕ್ಕಿನಲ್ಲಿ ಊರ ಹೊರಗೆ ಒಂದು ಸಣ್ಣ ಗುಡ್ಡವಿತ್ತು. ಅವರ ಮುಖದಲ್ಲಿ ಮೆಚ್ಚುಗೆ ಕಾಣಿಸಿತು.

"ಗುಡ್ಡಾನೂ ಬಿಟ್ಟಿಲ್ಲ ನೀವು. ಇದನ್ನ ಒಡದು ಹಳಿ ಸೀದಾ ಮಾಡಾಕ ಬರೂದಿಲ್ಲೇನು?"

"ನನ್ನ ಹೆಂಡತಿ ಒಪ್ಪಂಗಿಲ್ರಿ" ಎಂದರು ಇವರು. ಸಾವಕಾರರು ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು ಮೊದಲ ಬಾರಿಗೆ ಗೌರವದಿಂದ ನೋಡಿದರು.

ನಮ್ಮವರು ಸುಳ್ಳು ಹೇಳಿದವರಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಬಂದವರಿಗೆಲ್ಲ, "ಇದು ಆಟದ ರೈಲ್ರಿ, ನಾನ ಮಾಡಿದ್ದು" ಎಂದೇ ಹೇಳಿದರು. ಕೇಳಿದವರು ಕಣ್ಣು ಮಿಟುಕಿಸಿ, "ಹೌದ್ಹೌದು, ಹಂಗ ಹೇಳಬೇಕು" ಎಂದರು. ನಿಜ ಹೇಳಿ ಹೇಳಿ ಇವರಿಗೆ ಗುಟ್ಟು ಕಾಯುವ ಗಟ್ಟಿ ಮನುಷ್ಯ ಎಂದು ಹೆಸರು ಬಂತು.

ಎರಡನೆಯವರು ಕುಷ್ಟಗಿ ದಾರಿಯ ಒಂದು ಹಳ್ಳಿಯ ಗೌಡರು. ಕುಷ್ಟಗಿ, ಯಲಬುರ್ಗಾ ಎರಡಕ್ಕೂ ಹಲಗೆ ಇದೆ, ನಡುವೆ ತಮ್ಮ ಊರಿಗೆ ಇಲ್ಲ ಎಂಬುದು ಅವರ ದೂರು. ಎತ್ತರದ ಆಳು, ದೊಡ್ಡ ರುಮಾಲು. ನಮ್ಮ ಮಾಳಿಗೆಯ ಜಂತಿಗೆ ರುಮಾಲು ತಾಗದಂತೆ ಬಗ್ಗಿಯೇ ಮಾತಾಡಿದರು.

"ನನ್ನ ಊರಾಗ ಮುನ್ನೂರು ಮನಿ ಅದಾವ. ಒಂದು ಟೇಶನ್ ಹಾಕಾಕ ಏನು ತ್ರಾಸು?"

"ಜಾಗಾ ಇಲ್ರಿ" ಎಂದರು ಇವರು. ನಿಜವೇ. ಆ ಜಾಗದಲ್ಲಿ ನನ್ನ ರೊಟ್ಟಿ ಬುಟ್ಟಿ ಇತ್ತು.

"ಜಾಗಾ ನಾ ಕೊಡ್ತೀನಿ. ನಾಕು ಎಕರೆ ಬರಕೊಡ್ತೀನಿ."

"ಅದಲ್ರಿ. ಹಳಿ ಸರಸಬೇಕಂದ್ರ ನಮ್ಮವ್ವನ್ನ ಕೇಳಬೇಕು."

ಗೌಡರು ತಿರುಗಿ ಕಂಬದ ಕಡೆ ನೋಡಿದರು. ಅತ್ತೆ ಆಗ ತಾನೇ ಬಂದ ಗಾಡಿಯಿಂದ ಎಲೆ ಇಳಿಸಿಕೊಳ್ಳುತ್ತಿದ್ದರು. ಕೊಪ್ಪಳದ ಹಲಗೆ ಮೊಣಕಾಲಿಗೆ ಒರಗಿತ್ತು. ಗೌಡರು ರುಮಾಲು ತೆಗೆದು ಕೂತುಬಿಟ್ಟರು.

"ಯವ್ವಾ, ನಿಮ್ಮ ಮಾತಿನ ಮ್ಯಾಲೆ ಐತಂತ."

ಅತ್ತೆ ಅಗಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಮುಂದ ದಿನಾ ಆರು ಸರ್ತಿ ಹಾಯಬೇಕು. ಉಳಿದದ್ದು ನೀವು ನೀವು ನೋಡ್ಕೋರಿ."

ಮರುದಿನ ಗೌಡರು ಎರಡು ಕಟ್ಟು ಎಳೇ ಎಲೆ ಕಳಿಸಿದರು, ಜೊತೆಗೆ ತುಪ್ಪದ ಗಡಿಗೆ. ಕುಂಬಳಕಾಯಿ, ತುಪ್ಪ, ಆಮೇಲೆ ಶೇಂಗಾ, ಬೆಲ್ಲ. ತಿರುಗಿ ಕಳಿಸೋಣ ಎಂದರು ಇವರು. ನಾನು ಬೆಲ್ಲ ಒಳಗಿಟ್ಟೆ. ಯುದ್ಧದ ತುಟ್ಟಿ ಕಾಲ, ಬೆಲ್ಲ ಸಿಗುವುದೇ ಕಷ್ಟ. ನಾನೇನು ಕೇಳಿದ್ದೆನೇ, ಅವರೇ ತಂದರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಕುಂಬಳಕಾಯಿ ಕೊಯ್ದೆ. ಆ ಕಾಯಿಯ ಪಲ್ಯ ನಾಲ್ಕು ದಿನ ಉಂಡೆವು, ಭಾಯಿಯ ಮನೆಗೂ ಅರ್ಧ ಹೋಯಿತು. ಊರಿನ ದೊಡ್ಡವರು ಹೀಗೇ ಕೆಡುತ್ತಾರೆಂದು ಆಗ ನನಗೆ ಹೊಳೆದಿದ್ದರೂ ಪಲ್ಯ ಮಾಡುವುದನ್ನು ಬಿಡುತ್ತಿರಲಿಲ್ಲವೇನೋ.

ಬರುಬರುತ್ತ ಜಗಳ ಶುರುವಾಯಿತು. ಒಂದು ಮಧ್ಯಾಹ್ನ ಸಾವಕಾರರೂ ಗೌಡರೂ ಒಂದೇ ಹೊತ್ತಿಗೆ ಬಂದರು. ಗೌಡರು ಸಂಗಡ ತಮ್ಮ ಊರ ಹೆಸರಿನ ಒಂದು ಹಲಗೆಯನ್ನೇ ಬರೆಸಿ ತಂದಿದ್ದರು. ಅದನ್ನು ನನ್ನ ರೊಟ್ಟಿ ಬುಟ್ಟಿ ಸರಿಸಿ ನಿಲ್ಲಿಸಿದರು. ಅಲ್ಲಿ ಟೇಶನ್ನಾದರೆ ತಮ್ಮ ಹೊಲಕ್ಕೆ ಟೇಶನ್ನು ಬರುವುದಿಲ್ಲ ಎಂದು ಸಾವಕಾರರು ಅದನ್ನು ಕಿತ್ತು ಬದಿಗಿಟ್ಟರು. ಗೌಡರು ಮತ್ತೆ ನಿಲ್ಲಿಸಿದರು. ಇಬ್ಬರು ದೊಡ್ಡ ಮನುಷ್ಯರು ನೆಲಕ್ಕೆ ಮಂಡಿಯೂರಿ ಗೇಣುದ್ದದ ತಗಡಿಗಾಗಿ ಕೈ ಕೈ ಮಿಲಾಯಿಸಿದರು. ನಡುವೆ ರೈಲು ಬಂತು, ಗೌಡರ ಹೆಬ್ಬೆರಳಿಗೆ ಹಾಯ್ದು ಹೊರಳಿತು. ಇವರು ಎರಡೂ ಕೈಯಲ್ಲಿ ಎಂಜಿನ್ನನ್ನು ಎತ್ತಿಕೊಂಡು, "ಗಾಲಿ ಡೊಂಕಾತು" ಎಂದರು, ಅಷ್ಟೆ. ಅವರ ದನಿ ಕೇಳಿ ನನಗೆ ಕೆಟ್ಟನಿಸಿತು. ಅಷ್ಟು ದಿನ ರೈಲಿನ ಮೇಲೆ ಸಿಟ್ಟು ಮಾಡಿದವಳು ಆ ಹೊತ್ತು ಗೌಡರ ಹೆಬ್ಬೆರಳಿನ ಮೇಲೆ ಸಿಟ್ಟಾದೆ.

"ಹಿರ್ಯಾರ, ಇದು ಅಡಿಗಿ ಮಾಡೂ ಜಾಗಾ. ಹೊರಗ ಕಟ್ಟಿ ಐತಿ, ಅಲ್ಲಿ ಜಗಳಾಡ್ರಿ" ಎಂದೆ. ಇಬ್ಬರೂ ಹೊರಗೆ ಹೋಗಿ ಅಲ್ಲೂ ಜಗಳಾಡಿದರು.

ಆ ವೇಳೆಗೆ ಸಾವಕಾರರು ಹೊಲದಲ್ಲಿ ಗೋದಾಮಿಗೆಂದು ಕಲ್ಲು ಹೇರಿಸಿಯಾಗಿತ್ತು. ಚಕ್ಕಡಿ ಬಾಡಿಗೆಗೆ ಬಿಡುವವರು ತಮ್ಮ ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು ಅರ್ಜಿ ಬರೆಸಿದ್ದರು. ಅರ್ಜಿ ಮೇಲೆ ಹೋಯಿತು. ಮೇಲಿನಿಂದ, ಅನುಮತಿ ಇಲ್ಲದೆ ಯಲಬುರ್ಗಾದಲ್ಲಿ ರೈಲು ಹಾಕುತ್ತಿರುವವರು ಯಾರು ಎಂದು ಪ್ರಶ್ನೆ ಕೆಳಗೆ ಬಂತು. ಅದರ ಹಿಂದೆಯೇ ಒಬ್ಬ ದೊಡ್ಡ ಸಾಹೇಬರು ಬಂದರು, ಸಂಗಡ ಬರೆದುಕೊಳ್ಳುವ ಪೇಶ್ಕಾರರು.

ಸಾಹೇಬರು ಬರುವ ದಿನ ನಾನು ಮೂರು ತಿಂಗಳ ನಂತರ ಹಳಿ ಎಬ್ಬಿಸಿ ನೆಲ ಸಾರಿಸಿದೆ, ಒಣಗಿದ ಮೇಲೆ ಇವರು ಹಳಿ ಮತ್ತೆ ಕೂಡಿಸಿದರು. ಸಾಹೇಬರು ಕೋಟು ಬಿಚ್ಚದೆ ಬಾಗಿಲಲ್ಲಿ ನಿಂತು, "ರೇಲ್ವೆ ಎಲ್ಲಿ?" ಎಂದು ಉರ್ದುವಿನಲ್ಲಿ ಕೇಳಿದರು. ಇವರು ನೆಲ ತೋರಿಸಿದರು. ಸಾಹೇಬರು ಬಹಳ ಹೊತ್ತು ನೆಲ ನೋಡಿದರು. ನಗುತ್ತಾರೋ ಬೈಯುತ್ತಾರೋ ನಮಗೆ ತಿಳಿಯಲಿಲ್ಲ.

"ಓಡತೈತೇನು?"

ಇವರು ಚಾವಿ ಕೊಟ್ಟು ಬಿಟ್ಟರು. ರೈಲು ಯಲಬುರ್ಗಾ ಬಿಟ್ಟು, ಬೀಸುಕಲ್ಲು ಸುತ್ತಿ, ಸುರಂಗ ಹೊಕ್ಕು ಮಾಯವಾಯಿತು. ಸಾಹೇಬರು ಕಾದರು. ಅದು ಬಚ್ಚಲ ಕಡೆಯಿಂದ ಹೊರಬಿದ್ದು ಅತ್ತೆಯ ಮುಂದೆ ಹಾಯ್ದದ್ದನ್ನು ಕಂಡು ಕೋಟು ಬಿಚ್ಚಿ ಪೇಶ್ಕಾರರ ಕೈಗೆ ಕೊಟ್ಟರು. ಎರಡನೆಯ ಸಲ ಮಂಡಿಯೂರಿದರು. ಮೂರನೆಯ ಸಲ ಹೊಟ್ಟೆಯ ಮೇಲೆ ಮಲಗಿ, ಗಲ್ಲ ನೆಲಕ್ಕಿಟ್ಟು, ಸುರಂಗದ ಬಾಯಿಯಲ್ಲಿ ಕಣ್ಣಿಟ್ಟರು. ಆಮೇಲೆ ಚಾವಿ ತಾವೇ ಕೊಟ್ಟರು. ಹೊರಗೆ ಅರ್ಧ ಊರು ನಿಂತಿತ್ತು. ಒಳಗೆ ಸಾಹೇಬರು, "ಇನ್ನೊಮ್ಮೆ" ಅನ್ನುತ್ತಿದ್ದರು.

ಆ ಹೊತ್ತಿನಲ್ಲೇ ಪೇಶ್ಕಾರರು ಪಂಚನಾಮೆ ಬರೆಯುತ್ತಿದ್ದರು. ಬರೆದದ್ದನ್ನು ಓದಿ ಹೇಳಿದರು: ಎಂಜಿನ್ನು ಒಂದು, ಡಬ್ಬಿ ಮೂರು, ಟೇಶನ್ನು ನಾಲ್ಕು, ಸುರಂಗ ಎರಡು, ಕೊಪ್ಪಳ ಟೇಶನ್ನಿನಲ್ಲಿ ವಯಸ್ಸಾದ ಹೆಂಗಸು ಒಬ್ಬರು.

"ನನ್ನ ಹೆಸರು ಯಾಕ ಬರಕೊಂಡ?" ಎಂದು ಅತ್ತೆ ಕೇಳಿದರು.

"ಹೆಸರು ಬರಕೊಂಡಿಲ್ಲವ್ವಾ, ಬರೇ ನಗ, ಲೆಕ್ಕಕ್ಕ ಒಂದು ಸಾಮಾನು ಅಂತ ಬರಕೊಂಡೀನಿ."

ಸಾಹೇಬರು ಎದ್ದು ಧೂಳು ಝಾಡಿಸಿಕೊಂಡಾಗ ತೊಂದರೆ ಎದುರಾಯಿತು. ಅವರು ಏನಾದರೂ ಹುಕುಂ ಕೊಡಬೇಕು, ಕೊಡದೆ ಹೋದರೆ ಬಂದದ್ದಕ್ಕೆ ಅರ್ಥವಿಲ್ಲ. ಆಟದ ಸಾಮಾನು ಎಂದು ಬರೆದರೆ ಅಷ್ಟು ದೂರ ಆಟ ನೋಡಲು ಬಂದಂತಾಗುತ್ತದೆ. ಅವರೂ ಪೇಶ್ಕಾರರೂ ಮೂಲೆಯಲ್ಲಿ ಮಾತಾಡಿ ಒಂದು ಸಾಲು ಬರೆದು ಕೊಟ್ಟರು. ಅನುಮತಿ ಬರುವವರೆಗೆ ಸದರಿ ಪತ್ತಾರರು ಜಮೀನಿನ ಮೇಲೆ ಎಲ್ಲಿಯೂ ರೇಲ್ವೆ ಹಳಿ ಹಾಕಕೂಡದು. ಹೋಗುವಾಗ ಸಾಹೇಬರು ಇವರ ಭುಜ ತಟ್ಟಿ, ಎಂಜಿನ್ನಿಗೆ ಹಿಂದೆ ಹೋಗುವುದನ್ನೂ ಕಲಿಸು ಎಂದರು.

ಇವರು ಆ ಕಾಗದ ಹಿಡಿದು ಊಟ ಬಿಟ್ಟು ಕೂತರು. ಭಾಯಿ ಬಂದು ಪಕ್ಕದಲ್ಲಿ ಕೂತರು. ಹಳಿ ಬಿಚ್ಚಿ ಗೋಣಿಚೀಲಕ್ಕೆ ತುಂಬುವುದೆಂದು ಇಬ್ಬರೂ ಮಾತಾಡಿಕೊಂಡರು. ನನಗೆ ನೆಲ ಸಿಗುವ ಸಮಯ. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲಾಗಲಿಲ್ಲ.

"ಇನ್ನೊಮ್ಮೆ ಓದ್ರಿ ಅದನ್ನ" ಎಂದೆ. ಓದಿದರು.

"ಜಮೀನಿನ ಮ್ಯಾಲೆ ಹಾಕಬ್ಯಾಡ್ರಿ ಅಂದಾರ. ಗ್ವಾಡಿ ಮ್ಯಾಲೆ ಹಾಕಬ್ಯಾಡ್ರಿ ಅಂದಾರೇನು?"

ಇಬ್ಬರೂ ನನ್ನ ಮುಖ ನೋಡಿದರು.

ನಾವು ಹೆಂಗಸರು ಸಣ್ಣ ಮನೆಯಲ್ಲಿ ಬದುಕುವುದೇ ಹಾಗೆ. ಹಾಲು ಮೊಸರು ನೆಲುವಿನಲ್ಲಿ ತೂಗುತ್ತವೆ, ಉಪ್ಪಿನಕಾಯಿ ಗೋಡೆಯ ಮಾಡದಲ್ಲಿ, ಹಪ್ಪಳ ಜಂತಿಗೆ ಕಟ್ಟಿದ ಗಂಟಿನಲ್ಲಿ. ನೆಲದಲ್ಲಿ ಹಿಡಿಸದ್ದು ಮೇಲೆ ಹೋಗುತ್ತದೆ. ರೈಲಿಗೆ ಮಾತ್ರ ಯಾಕೆ ಬೇರೆ ಪದ್ಧತಿ? ಬಾಗಿಲ ಮೇಲೆ ಸುತ್ತಲೂ ಗೂಟ ಹೊಡೆದು ಹಲಗೆ ಕೂಡಿಸಿದರೆ ಎರಡೂವರೆ ಅಂಕಣದ ಗೋಡೆಯೆಲ್ಲ ನಿಮ್ಮದೇ, ನನ್ನ ನೆಲ ನನಗೆ ಬಿಡಿ ಎಂದೆ.

"ತಂಗೀ, ಈ ಮಾತು ಮೊದಲ ಯಾಕ ಹೇಳಲಿಲ್ಲ?" ಎಂದರು ಭಾಯಿ.

"ಮೊದಲ ಯಾರು ಕೇಳಿದ್ರಿ?"

ಭಾಯಿಯ ಹತ್ತಿರ ಸಾಮಾನು ಬಂದ ಹಳೇ ಕಟ್ಟಿಗೆ ಪೆಟ್ಟಿಗೆಗಳಿದ್ದವು. ಅವನ್ನು ಒಡೆದು ಹಲಗೆ ಮಾಡಿದರು. ಹದಿನೈದು ದಿನ ಮನೆಯಲ್ಲಿ ಮಣ್ಣು ಉದುರಿತು. ಕೆಳಗಿನ ತೂತುಗಳನ್ನು ನಾನೇ ಮಣ್ಣು ಕಲಸಿ ಮುಚ್ಚಿದೆ, ಮೇಲೆ ಹೊಸ ತೂತು ಕೊರೆಯಲು ಒಪ್ಪಿದೆ. ದಾರಿ ಮೊದಲಿಗಿಂತ ಎರಡರಷ್ಟು ಉದ್ದವಾಯಿತು. ತಿರುವು ಮೂಲೆಗಳಲ್ಲಿ ಮಾತ್ರ, ಹಲಗೆ ಅಗಲ ಮಾಡಿ ದುಂಡು ದೊಡ್ಡದಾಗಿಯೇ ಇಟ್ಟರು. ಕುಷ್ಟಗಿ ಆಚೆಯ ಹನುಮಸಾಗರಕ್ಕೂ ಒಂದು ಟೇಶನ್ನು ಬಂತು, ಒಲೆಯ ಮೇಲಿನ ಮೂಲೆಯಲ್ಲಿ. ಚಾವಿ ಕೊಡಲು ಇವರು ಮಣೆಯ ಮೇಲೆ ಮಣೆ ಇಟ್ಟು ಹತ್ತಬೇಕಿತ್ತು, ಸಂತೋಷದಿಂದಲೇ ಹತ್ತುತ್ತಿದ್ದರು.

ಅತ್ತೆ ಒಬ್ಬರೇ ಸಿಟ್ಟಾದವರು. ಅವರ ಎಲೆ ಅಡಿಕೆ ತಲೆಯ ಮೇಲೆ ಹಾಯ್ದು ಹೋಗುತ್ತಿತ್ತು. ಕಂಬಕ್ಕೆ ಒಂದು ಸಣ್ಣ ರಾಟೆ ಹಾಕಿ, ದಾರಕ್ಕೆ ತಗಡಿನ ಬುಟ್ಟಿ ಕಟ್ಟಿಕೊಟ್ಟರು ಭಾಯಿ. ರೈಲು ನಿಂತಲ್ಲಿಂದ ಇವರು ಎಲೆ ಎತ್ತಿ ಬುಟ್ಟಿಗಿಡಬೇಕು, ಬುಟ್ಟಿ ಇಳಿಯಬೇಕು. ನಾನು ಕೈಯಲ್ಲಿ ಕೊಟ್ಟರೆ ಎರಡು ಹೆಜ್ಜೆ. ಅತ್ತೆಗೆ ಬುಟ್ಟಿಯೇ ಬೇಕು.

ರೈಲು ಗೋಡೆ ಹತ್ತಿದ ಮೇಲೆ ಟೇಶನ್ನು ಕೇಳಿ ಬರುವವರ ಸಂಖ್ಯೆ ಇಳಿಯಿತು. ಗೌಡರು ಒಮ್ಮೆ ಬಂದು, ರುಮಾಲು ಹಿಡಿದುಕೊಂಡು ಮೇಲೆ ನೋಡಿದರು.

"ಈಗ ನನ್ನ ಊರು ಎಲ್ಲಿ ಬಂತು?"

"ಆ ಮಾಡದ ಮ್ಯಾಲೆರಿ, ದೀಪದ ಹತ್ತರ" ಎಂದರು ಇವರು. ಪಾಪ, ಗೌಡರ ಹಲಗೆಯನ್ನೂ ಬಿಡದೆ ಮೇಲೆ ನಿಲ್ಲಿಸಿದ್ದರು.

ಗೌಡರು ಕತ್ತು ನೋಯುವವರೆಗೆ ನೋಡಿದರು. ನೆಲದ ಮೇಲೆ ಇದ್ದಾಗ ಅದು ಅವರ ಹೊಲ, ಅವರ ಹಳ್ಳ, ಅವರ ನಾಲ್ಕು ಎಕರೆ. ಗೋಡೆಯ ಮೇಲೆ ಅದು ಬರೀ ತಗಡು. "ಇದು ಆಟದ್ದು" ಎಂದರು, ಯಾರೋ ತಮಗೆ ಮೋಸ ಮಾಡಿದ ಹಾಗೆ. ಎಲೆ, ತುಪ್ಪ, ಬೆಲ್ಲ ಬರುವುದು ಆ ವಾರದಿಂದಲೇ ನಿಂತಿತು. ಬೆಲ್ಲಕ್ಕೆ ನಾನು ಸ್ವಲ್ಪ ದಿನ ಮರುಗಿದೆ, ಸುಳ್ಳೇಕೆ ಹೇಳಲಿ. ಸಾವಕಾರರು ಮಾತ್ರ ಸೋಲಲಿಲ್ಲ. ಸಾಹೇಬರು ಖುದ್ದು ಬಂದು ಅಷ್ಟು ಹೊತ್ತು ನೆಲಕ್ಕೆ ಬಿದ್ದು ಪರೀಕ್ಷೆ ಮಾಡಿದ್ದಾರೆ, ಯುದ್ಧ ಮುಗಿಯಲಿ ನೋಡಿ ಎನ್ನುತ್ತ ಹೊಲದ ಕಲ್ಲಿಗೆ ಬೇಲಿ ಹಾಕಿಸಿದರು. ಯುದ್ಧ ಮುಗಿದ ಮೇಲೆ ಬೇಲಿಯ ಒಳಗೆ ಪಾಪಾಸುಕಳ್ಳಿ ಬೆಳೆಯಿತು.

ನಮ್ಮ ಮೊದಲ ಮಗಳು ಹುಟ್ಟಿದ್ದು ಆಮೇಲೆ. ಬಾಣಂತಿಯಾಗಿ ಮಲಗಿದ್ದಾಗ ಮೇಲಿನಿಂದ ರೈಲು ಬರುವುದನ್ನು, ಗೋಡೆ ಹೊಕ್ಕು ಹೋಗುವುದನ್ನು ನೋಡುತ್ತಿದ್ದೆ. ಬೇರೆ ನೋಡಲು ಏನಿತ್ತು? ನೋಡುತ್ತ ನೋಡುತ್ತ ಹನುಮಸಾಗರದ ತಿರುವಿನಲ್ಲಿ ಹಿಂದಿನ ಡಬ್ಬಿ ಒಂದು ಕ್ಷಣ ಎದ್ದು ಕೂಡುವುದು ಕಣ್ಣಿಗೆ ಬಿತ್ತು. ಇವರಿಗೆ ಹೇಳಿದೆ. ಇವರು ನಂಬಲಿಲ್ಲ, ಮಣೆ ಹತ್ತಿ ಕಣ್ಣು ಕೂಡಿಸಿ ನೋಡಿ ಇಳಿದು, "ಹೌದು, ಏಳತೈತಿ" ಎಂದರು. ಅದಕ್ಕೆ ಏನು ಮಾಡಬೇಕೆಂದು ನಾವಿಬ್ಬರೂ ಮಧ್ಯಾಹ್ನವೆಲ್ಲ ಮಾತಾಡಿದೆವು. ಮದುವೆಯಾಗಿ ಅಷ್ಟು ವರ್ಷಕ್ಕೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಮಾತಾಡಿದೆವೇ ಹೊರತು ರಿಪೇರಿ ಮಾಡಲಿಲ್ಲ. ಮಗಳಿಗೆ ಐದು ತಿಂಗಳಾದಾಗ ಒಂದು ದಿನ ಡಬ್ಬಿ ಎದ್ದಿತು, ಎಂಜಿನ್ನನ್ನೂ ಎಳೆದುಕೊಂಡಿತು. ಎರಡೂ ಕೂಡಿ ಒಲೆಯ ಮೇಲಿನ ಬೇಳೆ ಸಾರಿನ ಗಡಿಗೆಯೊಳಗೆ ಬಿದ್ದವು. ನನ್ನ ಸೀರೆಯೆಲ್ಲ ಅರಿಶಿನ. ಇವರು ಓಡಿ ಬಂದು, "ಸುಟ್ಟಿತೇನು?" ಎಂದರು.

"ಇಲ್ರಿ, ಸೀರಿ ಅಷ್ಟ ಕೆಟ್ಟಿತು."

"ನೀ ಅಲ್ಲ" ಎಂದರು. ತಕ್ಷಣ ನಾಚಿಕೆಯಾಗಿ, "ನೀನೂ" ಎಂದು ಸೇರಿಸಿದರು.

ಎಂಜಿನ್ನನ್ನು ಸೌಟಿನಿಂದ ತೆಗೆದುಕೊಟ್ಟೆ. ಇವರು ಅದನ್ನು ಬಿಚ್ಚಿ, ಹಲ್ಲು ಹಲ್ಲಿಗೆ ಸಿಕ್ಕಿದ ಬೇಳೆಯನ್ನು ಸೂಜಿಯಿಂದ ತೆಗೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಹಾಕಿದರು. ಭಾಯಿ ಒಲೆಯ ಮೇಲಿನ ಹಲಗೆಗೆ, ರೈಲು ಬೀಳದಂತೆ, ಬೆರಳೆತ್ತರದ ತಗಡಿನ ಕಟಾಂಜನ ಬಡಿದುಕೊಟ್ಟರು. ಸಾರಿಗೆ ಎಂಜಿನ್ನಿನ ಎಣ್ಣೆ ಹತ್ತಿತ್ತು, ಆದರೂ ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಮೇಲೆ ತೇಲಿದ್ದನ್ನು ತೆಗೆದು, ಒಗ್ಗರಣೆ ಇನ್ನೊಮ್ಮೆ ಕೊಟ್ಟು ಬಡಿಸಿದೆ. ಅತ್ತೆ ಎರಡು ಸಲ ಹಾಕಿಸಿಕೊಂಡು, ಹುಣಸಿ ಹುಳಿ ಸ್ವಲ್ಪ ಮುಂದಾಗೈತಿ ಎಂದರು.